ಹಸುವಿನ ಹೊತ್ತನ್ನು ತಿನ್ನುವ ನೊಣಗಳು

ಮುಂಗಾರು ಹಿಡಿದು ಎರಡು ಮೂರು ವಾರವಾದರೆ ಗೋಮಾಳದಲ್ಲಿ ಹಸಿರು ಕಾಣಿಸುತ್ತದೆ. ಇನ್ನು ದನಗಳಿಗೆ ಹಬ್ಬ ಅಂದುಕೊಳ್ಳುತ್ತೇವೆ. ದನ ಕಾಯುವವರನ್ನು ಕೇಳಿದರೆ ಬೇರೆಯದೇ ಹೇಳುತ್ತಾರೆ: ‘ಹುಲ್ಲೇನೋ ಬಂದಿದೆ, ದನ ನಿಂತು ಮೇಯಲ್ಲ.’ ನಿಂತು ನೋಡಿದರೆ ಗೊತ್ತಾಗುತ್ತದೆ. ಹಸು ನಾಲ್ಕು ಬಾಯಿ ಮೇಯುತ್ತದೆ, ತಲೆಯನ್ನು ಹೆಗಲ ಕಡೆ ಬೀಸುತ್ತದೆ. ಮುಂಗಾಲನ್ನು ಎತ್ತಿ ನೆಲಕ್ಕೆ ಅಪ್ಪಳಿಸುತ್ತದೆ. ಹತ್ತು ಹೆಜ್ಜೆ ಆಚೆ ಹೋಗಿ ಮತ್ತೆ ನಾಲ್ಕು ಬಾಯಿ ಮೇಯುತ್ತದೆ. ಸಂಜೆ ಮನೆಗೆ ಬಂದಾಗ ಹೊಟ್ಟೆ ಅರ್ಧ ಖಾಲಿ. ಮಳೆ ಬಿದ್ದರೆ ಹುಲ್ಲಿನ ಜೊತೆ ನೊಣವೂ ಏಳುತ್ತದೆ.

ಕಚ್ಚುವ ನೊಣದಿಂದ ದನಕ್ಕೇನು ತೊಂದರೆ ಎಂದರೆ ಎಲ್ಲರಿಗೂ ಮೊದಲು ಹೊಳೆಯುವುದು ರಕ್ತ. ರಕ್ತ ಹೋಗುವುದು ನಿಜ. ಆದರೆ ನಷ್ಟದಲ್ಲಿ ಅದು ಸಣ್ಣ ಪಾಲು. ಕಚ್ಚಿಸಿಕೊಳ್ಳದೇ ಇರಲು ಹಸು ಪಡುವ ಪಾಡು ಇದೆಯಲ್ಲ, ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಮೇಯುವ ಹೊತ್ತು, ಮಲಗುವ ಹೊತ್ತು, ಮೆಲುಕು ಹಾಕುವ ಹೊತ್ತು, ಎಲ್ಲವೂ ಅಲ್ಲಿ ಖರ್ಚಾಗುತ್ತದೆ. ಈ ಲೆಕ್ಕ ಅರ್ಥವಾಗಬೇಕಾದರೆ ಕಚ್ಚುವವರು ಯಾರು, ಎಲ್ಲಿ ಕಚ್ಚುತ್ತಾರೆ ಎಂದು ಮೊದಲು ನೋಡಬೇಕು.

ಅನ್ನದ ತಟ್ಟೆಯ ಮೇಲೆ ಕೂರುವ ಮನೆ ನೊಣ ಕಚ್ಚುವುದಿಲ್ಲ. ಅದಕ್ಕಿರುವುದು ನೆಕ್ಕಿ ಹೀರುವ ಮೆತ್ತನೆಯ ಬಾಯಿ. ಕೊಟ್ಟಿಗೆಯ ಸುತ್ತ ಹೆಚ್ಚು ಕಡಿಮೆ ಅಷ್ಟೇ ದೊಡ್ಡದಾದ, ಅದೇ ಬೂದು ಬಣ್ಣದ ಇನ್ನೊಂದು ನೊಣ ಇರುತ್ತದೆ. ಬಗ್ಗಿ ನೋಡಿ. ತಲೆಯ ಮುಂದೆ ಕಪ್ಪಗೆ, ಗಟ್ಟಿಯಾಗಿ ಒಂದು ಸೂಜಿ ಚಾಚಿಕೊಂಡಿರುತ್ತದೆ. ಇದನ್ನು ಕೊಟ್ಟಿಗೆ ನೊಣ ಎನ್ನೋಣ. ಇದರ ಶಾಸ್ತ್ರೀಯ ಹೆಸರು ಸ್ಟೊಮಾಕ್ಸಿಸ್. ಇದರ ಇಷ್ಟದ ಜಾಗ ದನದ ಕಾಲು, ಅದರಲ್ಲೂ ಮೊಣಕಾಲಿನಿಂದ ಕೆಳಗೆ. ತಲೆ ಮೇಲೆ ಮಾಡಿ ಕೂರುತ್ತದೆ. ಗಂಡು, ಹೆಣ್ಣು ಎರಡೂ ಕಚ್ಚುತ್ತವೆ. ದಿನಕ್ಕೆ ಒಂದೆರಡು ಸಲ, ಸಲಕ್ಕೆ ಕೆಲವೇ ನಿಮಿಷ ರಕ್ತ ಹೀರುತ್ತದೆ. ಹೊಟ್ಟೆ ತುಂಬಿದ ಮೇಲೆ ಹತ್ತಿರದ ಗೋಡೆಗೋ ಬೇಲಿಗೋ ಹೋಗಿ ಅರಗಿಸಿಕೊಳ್ಳುತ್ತಾ ಕೂರುತ್ತದೆ. ಹಾಗಾಗಿ ಹಸುವಿನ ಕಾಲ ಮೇಲೆ ಈಗ ಹತ್ತು ನೊಣ ಕಂಡರೆ, ಊಟ ಮುಗಿಸಿದವು ಮತ್ತು ಸರದಿಗೆ ಕಾಯುತ್ತಿರುವವು ಸುತ್ತಮುತ್ತ ಅದರ ಎಷ್ಟೋ ಪಟ್ಟು ಇವೆ ಎಂದು ಲೆಕ್ಕ ಹಾಕಿ.

ಎರಡನೆಯದು ಕೊಂಬಿನ ನೊಣ. ಮನೆ ನೊಣದ ಅರ್ಧದಷ್ಟು ಗಾತ್ರ. ಇದಕ್ಕೆ ಗೋಡೆ, ಬೇಲಿಯ ಗೊಡವೆ ಇಲ್ಲ. ಹಗಲೂ ರಾತ್ರಿ ದನದ ಮೈ ಮೇಲೇ ಸಂಸಾರ. ಬೆನ್ನು, ಹೆಗಲು, ಪಕ್ಕೆಯ ಮೇಲೆ ತಲೆ ಕೆಳಗೆ ಮಾಡಿ ಕೂತಿರುತ್ತದೆ. ಬಿಸಿಲು ಏರಿದರೆ ಹೊಟ್ಟೆಯ ಕೆಳಗೆ ಇಳಿಯುತ್ತದೆ. ದಿನಕ್ಕೆ 20ರಿಂದ 40 ಸಲ ಸ್ವಲ್ಪ ಸ್ವಲ್ಪವೇ ಹೀರುತ್ತದೆ. ಹಸು ಸಗಣಿ ಹಾಕಿದ ಕೂಡಲೇ ಹೆಣ್ಣು ನೊಣ ಹಾರಿ ಇಳಿದು, ಬಿಸಿ ಸಗಣಿಯ ಅಂಚಿನಲ್ಲಿ ಮೊಟ್ಟೆ ಇಟ್ಟು ಮತ್ತೆ ಹಸುವಿನ ಮೇಲೆ ಬಂದು ಕೂರುತ್ತದೆ. ಒಂದೇ ದನದ ಮೇಲೆ ನೂರಾರು ಇರುವುದು ಸಾಮಾನ್ಯ. ಹೋರಿಗಳ ಮೇಲೆ ಇನ್ನೂ ಜಾಸ್ತಿ. ಭಾರತ, ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾದಲ್ಲಿ ಇದರ ಹತ್ತಿರದ ಬಂಧುವೊಂದು ದನ, ಎಮ್ಮೆ ಎರಡರ ಮೇಲೂ ಇರುತ್ತದೆ. ಬದುಕುವ ರೀತಿ ಒಂದೇ.

ಮೂರನೆಯದು ಕುದುರೆ ನೊಣ. ದಪ್ಪ, ದೊಡ್ಡ ಕಣ್ಣು, ಗುಂಯ್ ಎನ್ನುವ ಸದ್ದು. ಕಚ್ಚುವುದು ಹೆಣ್ಣು ಮಾತ್ರ. ಇದು ಚುಚ್ಚುವುದಿಲ್ಲ, ಚರ್ಮವನ್ನು ಕೊಯ್ದು, ಜಿನುಗಿದ ರಕ್ತವನ್ನು ಕುಡಿಯುತ್ತದೆ. ಎದ್ದು ಹೋದ ಮೇಲೂ ಗಾಯದಿಂದ ರಕ್ತ ಇಳಿಯುತ್ತಿರುತ್ತದೆ. ಆಗ ಮನೆ ನೊಣಗಳು ನೆಕ್ಕಲು ಬರುತ್ತವೆ. ಕೆರೆ ಅಂಚು, ಹಳ್ಳ, ಜೌಗು ನೆಲದ ಕೆಸರಿನಲ್ಲಿ ಇದರ ಮರಿಹುಳು ಬೆಳೆಯುತ್ತದೆ. ಬಿಸಿಲು ಚುರುಕಾಗಿರುವ ಹೊತ್ತಿನಲ್ಲೇ ಇದರ ಹಾವಳಿ.

ಇಷ್ಟು ಶತ್ರುಗಳ ಎದುರು ಹಸುವಿನ ಹತ್ತಿರ ಇರುವ ಆಯುಧ ಬಹಳ ಇಲ್ಲ. ಬಾಲ ಇದೆ, ಅದು ತೊಡೆ, ಪಕ್ಕೆಯವರೆಗೆ ತಲುಪುತ್ತದೆ. ತಲೆ ಬೀಸಿದರೆ ಹೆಗಲು, ಮುಂಭಾಗ ಸಿಗುತ್ತದೆ. ಕಿವಿ ಕಣ್ಣಿನ ಸುತ್ತಲಿನದನ್ನು ಓಡಿಸುತ್ತದೆ. ಇನ್ನೊಂದು, ನನಗೆ ಯಾವಾಗಲೂ ಸೋಜಿಗ ಎನಿಸುವುದು, ಚರ್ಮ ಅದುರಿಸುವುದು. ಚರ್ಮದ ಕೆಳಗೆ ತೆಳ್ಳನೆಯ ಸ್ನಾಯುವಿನ ಹಾಳೆ ಇದೆ. ನೊಣ ಕೂತ ಜಾಗದಲ್ಲಿ ಮಾತ್ರ ಮೈ ಜುಮ್ ಎನ್ನುವಂತೆ ಅದನ್ನು ಅದುರಿಸುತ್ತದೆ. ಹಳ್ಳಿಕಾರ್, ಅಮೃತ ಮಹಲ್‌ನಂಥ ಡುಬ್ಬದ ದನಗಳಲ್ಲಿ ಈ ಸ್ನಾಯು ಚೆನ್ನಾಗಿ ಬೆಳೆದಿರುತ್ತದೆ. ಮೈ ಕೂದಲೂ ಗಿಡ್ಡ, ನುಣುಪು. ಅವುಗಳ ಹತ್ತಿರ ನಿಂತರೆ ಹೆಗಲಿನಿಂದ ಪಕ್ಕೆಗೆ ಅಲೆ ಹರಿದಂತೆ ಚರ್ಮ ಅಲುಗುವುದು ಕಾಣುತ್ತದೆ.

ಈಗ ನೊಣ ಕೂರುವ ಜಾಗಗಳನ್ನು ಈ ಆಯುಧಗಳ ಪಕ್ಕ ಇಟ್ಟು ನೋಡಿ. ಕೊಂಬಿನ ನೊಣ ಹೆಗಲ ಹಿಂದೆ, ಬೆನ್ನಿನ ನಡುವೆ ಕೂರುತ್ತದೆ. ಅಲ್ಲಿಗೆ ಬಾಲವೂ ಬರುವುದಿಲ್ಲ, ತಲೆಯೂ ಸರಿಯಾಗಿ ತಲುಪುವುದಿಲ್ಲ. ಕೊಟ್ಟಿಗೆ ನೊಣ ಮುಂಗಾಲು ಹಿಡಿಯುತ್ತದೆ. ಅಲ್ಲಿ ಅದುರಿಸಲು ಸ್ನಾಯುವಿಲ್ಲ, ಬಾಲಕ್ಕೆ ದೂರ. ಕಾಲು ಅಪ್ಪಳಿಸುವುದೊಂದೇ ದಾರಿ. ಹೀಗಾಗಿ ಕೊಟ್ಟಿಗೆ ನೊಣ ಎಷ್ಟಿದೆ ಎಂದು ಅಳೆಯಲು ಸಂಶೋಧಕರು ಮುಂಗಾಲುಗಳ ಮೇಲಿನ ನೊಣಗಳನ್ನೇ ಎಣಿಸುತ್ತಾರೆ. ಬಾಲ ಬೀಸುವುದನ್ನು ಎಣಿಸಿದರೆ ಅಷ್ಟು ಸರಿಯಾದ ಲೆಕ್ಕ ಸಿಗುವುದಿಲ್ಲ. ಕೆಲವು ಹಸುಗಳು ನೊಣ ಕಡಿಮೆ ಇದ್ದರೂ ಬಾಲ ಬೀಸುತ್ತಲೇ ಇರುತ್ತವೆ. ಕಾಲು ಅಪ್ಪಳಿಸುವುದು ಹಾಗಲ್ಲ, ನಿಜವಾಗಿ ನೋವಾದಾಗಲೇ.

ಹಿಂಡಿನಲ್ಲಿ ಎಲ್ಲ ಹಸುಗಳಿಗೂ ಒಂದೇ ಸಮ ಕಾಟ ಇರುವುದಿಲ್ಲ. ಒಂದರ ಮೇಲೆ ನೊಣ ಮುತ್ತಿರುತ್ತದೆ, ಪಕ್ಕದ್ದರ ಮೇಲೆ ನಾಲ್ಕೈದು. ಮೈ ವಾಸನೆ ಒಂದು ಕಾರಣ. ಹಸು ಬಿಡುವ ಉಸಿರಿನ ಇಂಗಾಲದ ಡೈ ಆಕ್ಸೈಡ್, ಚರ್ಮದ ಗಂಧ ಹಿಡಿದೇ ನೊಣ ಹುಡುಕಿಕೊಂಡು ಬರುವುದು. ಇನ್ನೊಂದು ಕಾರಣ ಹಸುವಿನ ಸ್ವಭಾವ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಾಲಿನ ಹಸುಗಳನ್ನು ಗಮನಿಸಿದಾಗ, ಹೆಚ್ಚು ಕಾಲು ಅಪ್ಪಳಿಸುವ ಹಸುಗಳ ಮೇಲೆ ನೊಣ ಕಡಿಮೆ, ಸುಮ್ನೆ ನಿಲ್ಲುವ ಹಸುಗಳ ಮೇಲೆ ಜಾಸ್ತಿ ಇದ್ದವು. ‘ಈ ಹಸು ಪಾಪದ್ದು, ನಿಂತಲ್ಲೇ ನಿಲ್ಲುತ್ತೆ’ ಎಂದು ಮೆಚ್ಚುವ ಹಸುವನ್ನೇ ನೊಣ ಹೆಚ್ಚು ತಿನ್ನುತ್ತಿರಬಹುದು. ಶಾಂತವಾಗಿದೆ ಎಂದರೆ ಆರಾಮವಾಗಿದೆ ಎಂದಲ್ಲ.

ಹೊತ್ತಿನ ಲೆಕ್ಕಕ್ಕೆ ಬರೋಣ. ಹುಲ್ಲುಗಾವಲಿನ ಹಸುವಿಗೆ ಹೊಟ್ಟೆ ತುಂಬಬೇಕಾದರೆ ದಿನಕ್ಕೆ ಸುಮಾರು 8 ಗಂಟೆ ಮೇಯಬೇಕು. ಹೆಚ್ಚು ಕಡಿಮೆ ಅಷ್ಟೇ ಹೊತ್ತು ಮೆಲುಕು ಹಾಕಬೇಕು. ಮೆಲುಕು ಹಾಕುವುದು ಬಹುಪಾಲು ಮಲಗಿದಾಗ, ನೆಮ್ಮದಿಯಾಗಿದ್ದಾಗ. ನೊಣ ಜಾಸ್ತಿಯಾದರೆ ತನ್ನ ಪಾಡಿಗೆ ಬಿಟ್ಟ ಹಸು ಏನು ಮಾಡುತ್ತದೆ? ವೇಳಾಪಟ್ಟಿ ಬದಲಿಸುತ್ತದೆ. ಬೆಳಗಿನ ಜಾವ ಮತ್ತು ರಾತ್ರಿ ಮೇಯುತ್ತದೆ, ನಡು ಹಗಲು ದಟ್ಟ ನೆರಳಲ್ಲೋ ನೀರಲ್ಲೋ ಕಳೆಯುತ್ತದೆ. ಕುದುರೆ ನೊಣ ದಟ್ಟ ನೆರಳಿಗೆ ಬರುವುದು ಕಡಿಮೆ. ಮೊಣಕಾಲ ತನಕ ನೀರಲ್ಲಿ ನಿಂತರೆ ಕೊಟ್ಟಿಗೆ ನೊಣಕ್ಕೆ ಕಾಲು ಸಿಗುವುದಿಲ್ಲ. ಎಮ್ಮೆ ಕೆಸರಲ್ಲಿ ಹೊರಳುವುದು ಬರೀ ತಂಪಿಗಲ್ಲ. ಮೈ ಮೇಲೆ ಒಣಗಿದ ಕೆಸರು ನೊಣದ ಸೂಜಿಗೆ ಅಡ್ಡ.

ನಮ್ಮ ಹೆಚ್ಚಿನ ಊರುಗಳಲ್ಲಿ ದನಕ್ಕೆ ಈ ಸ್ವಾತಂತ್ರ್ಯ ಇಲ್ಲ. ಹಾಲು ಕರೆದು, ತಿಂಡಿ ಮುಗಿಸಿ, ಹೊತ್ತೇರಿದ ಮೇಲೆ ಬಿಡುತ್ತೇವೆ. ಸೂರ್ಯ ಇಳಿಯುವ ಮೊದಲು ಹೊಡೆದುಕೊಂಡು ಬರುತ್ತೇವೆ. ಅಂದರೆ ಕುದುರೆ ನೊಣ ಚುರುಕಾಗಿರುವ ಹೊತ್ತೂ ದನ ಮೇಯಬೇಕಾದ ಹೊತ್ತೂ ಒಂದೇ ಆಗುತ್ತದೆ. ರಾತ್ರಿ ಕೊಟ್ಟಿಗೆಯಲ್ಲಿ ಕಟ್ಟಿರುತ್ತೇವೆ. ಕಳೆದ ಹೊತ್ತನ್ನು ಹಸು ಎಲ್ಲೂ ತುಂಬಿಕೊಳ್ಳಲಾರದು.

ಇನ್ನು ಗೂಟಕ್ಕೆ ಕಟ್ಟಿ ಮೇಯಿಸುವ ದನದ ಕಥೆ ಬೇರೆ. ಬದುವಿನಲ್ಲಿ, ತೋಟದ ಅಂಚಿನಲ್ಲಿ, ಬಿಸಿಲಲ್ಲಿ ಮೂರು ಮಾರು ಹಗ್ಗ. ನೆರಳಿಗೆ ಹೋಗುವ ಹಾಗಿಲ್ಲ, ನೀರಿಗಿಳಿಯುವ ಹಾಗಿಲ್ಲ, ಹಿಂಡು ಸೇರುವ ಹಾಗಿಲ್ಲ. ಮೂಗುದಾರ ಹಾಕಿ ಗಿಡ್ಡ ಕಟ್ಟಿದರೆ ತಲೆ ಬೀಸುವ ಆಯುಧವೂ ಹೋಯಿತು. ಬೀಸಿದರೆ ಮೂಗು ಹರಿಯುತ್ತದೆ. ನೊಣದ ಕಾಲದಲ್ಲಿ ದನಕ್ಕೆ ನಾವು ಮಾಡುವ ದೊಡ್ಡ ಅನ್ಯಾಯ ಇದೇ ಎಂದು ನನ್ನ ಅನಿಸಿಕೆ. ಔಷಧಿಗೆ ದುಡ್ಡಿಲ್ಲದಿದ್ದರೆ ಪರವಾಗಿಲ್ಲ, ಹಗ್ಗವನ್ನು ಒಂದು ಮರದ ಕೆಳಕ್ಕೆ ಸರಿಸಿದರೂ ಅರ್ಧ ಕಾಟ ತಪ್ಪುತ್ತದೆ.

ಬಾಲದ ವಿಷಯದಲ್ಲಿ ಬೇರೆ ದೇಶಗಳು ಇದೇ ಪಾಠವನ್ನು ತಡವಾಗಿ ಕಲಿತವು. ಹಾಲು ಕರೆಯುವಾಗ ಕೊಳಕು ಬಾಲ ಮುಖಕ್ಕೆ ಬಡಿಯುತ್ತದೆ ಎಂದು ಹಸುಗಳ ಬಾಲ ಕತ್ತರಿಸುವ ರೂಢಿ ದೊಡ್ಡ ಡೇರಿಗಳಲ್ಲಿತ್ತು. ಬಾಲ ಕತ್ತರಿಸಿದ ಹಸುಗಳ ಹಿಂಗಾಲು, ತೊಡೆಯ ಮೇಲೆ ಹೆಚ್ಚು ನೊಣ ಕೂರುತ್ತಿದ್ದವು, ಅವು ಕಾಲು ಅಪ್ಪಳಿಸುವುದೂ ಹೆಚ್ಚಾಗಿತ್ತು. ನ್ಯೂಜಿಲೆಂಡ್ 2018ರ ಅಕ್ಟೋಬರ್ 1ರಿಂದ ದನದ ಬಾಲ ಕತ್ತರಿಸುವುದನ್ನು ನಿಷೇಧಿಸಿತು.

ಹಿಂಡಾಗಿ ಮೇಯಲು ಬಿಟ್ಟ ದನಗಳು ನೊಣ ಮಿತಿ ಮೀರಿದಾಗ ಇನ್ನೊಂದು ಕೆಲಸ ಮಾಡುತ್ತವೆ. ಮೇಯುವುದನ್ನು ಬಿಟ್ಟು ಒಂದಕ್ಕೊಂದು ಒತ್ತಿಕೊಂಡು, ತಲೆಯನ್ನು ಗುಂಪಿನ ಒಳಗೆ ಮಾಡಿ ನಿಲ್ಲುತ್ತವೆ. ಗುಂಪಿನ ನಡುವೆ ಇರುವ ಹಸುವಿನ ಕಾಲು ನೊಣಕ್ಕೆ ಸುಲಭವಾಗಿ ಸಿಗುವುದಿಲ್ಲ. ಅಂಚಿನಲ್ಲಿರುವುದಕ್ಕೆ ಕಡಿತ ಜಾಸ್ತಿ. ಹಾಗಾಗಿ ಹೊರಗಿನದು ಒಳಗೆ ನುಗ್ಗುತ್ತದೆ, ಒಳಗಿನದು ಜಾಗ ಬಿಡುವುದಿಲ್ಲ. ತಳ್ಳಾಟ ನಡೆಯುತ್ತಲೇ ಇರುತ್ತದೆ. ನೊಣದಿಂದ ಸ್ವಲ್ಪ ಬಚಾವ್, ನಿಜ. ಆದರೆ ಬಿಸಿಲಲ್ಲಿ ಮೈಗೆ ಮೈ ಒತ್ತಿ ನಿಂತರೆ ಬಿಸಿ ಹೊರಹೋಗುವುದೆಲ್ಲಿಗೆ? ಹಸುಗಳು ಬಾಯಿ ತೆರೆದು ಏದುಸಿರು ಬಿಡುತ್ತವೆ.

ಇದರ ಬೆಲೆ ಎಷ್ಟು ಎಂದು ಅಮೆರಿಕದ ನೆಬ್ರಾಸ್ಕಾದಲ್ಲಿ ಅಳೆದಿದ್ದಾರೆ. ದೊಡ್ಡಿಯಲ್ಲಿ ಮೇವು ಹಾಕಿ ಬೆಳೆಸುವ ದನಗಳ ಮೇಲೆ ಮಾಡಿದ, 1992ರಲ್ಲಿ ಪ್ರಕಟವಾದ ಅಧ್ಯಯನ ಅದು. ಕೊಟ್ಟಿಗೆ ನೊಣದಿಂದಾದ ತೂಕ ನಷ್ಟದಲ್ಲಿ ನೇರ ಕಡಿತದ ಪಾಲು ಶೇ. 28.5 ಮಾತ್ರ. ಉಳಿದ ಶೇ. 71.5 ಪಾಲು ಗುಂಪುಗಟ್ಟಿ ನಿಂತು ಬಿಸಿಗೆ ಸಿಕ್ಕಿದ್ದರಿಂದ. ರಕ್ತಕ್ಕಿಂತ ಪಾಡಿನ ಬೆಲೆ ಜಾಸ್ತಿ ಎಂದು ಮೊದಲೇ ಹೇಳಿದ್ದು ಇದಕ್ಕೇ. ಅಲ್ಲೇ ಬಯಲಲ್ಲಿ ಮೇಯುವ ಎಳೆ ಹೋರಿಗಳಲ್ಲಿ ನೋಡಿದಾಗ, ನೊಣ ನಿಯಂತ್ರಿಸಿದ ಗುಂಪು ಉಳಿದವಕ್ಕಿಂತ ದಿನಕ್ಕೆ ಸುಮಾರು 200 ಗ್ರಾಂ ಹೆಚ್ಚು ತೂಕ ಹಾಕಿಕೊಂಡಿತು. ಕೊಟ್ಟಿಗೆ ನೊಣದಿಂದ ಅಮೆರಿಕದ ದನ ಸಾಕಣೆಗೆ ವರ್ಷಕ್ಕೆ ಆಗುವ ನಷ್ಟ ಸುಮಾರು 220 ಕೋಟಿ ಡಾಲರ್ ಎಂದು 2012ರ ಒಂದು ಅಂದಾಜು ಹೇಳುತ್ತದೆ. ಹಾಲಿನ ಹಸುವೊಂದಕ್ಕೆ ವರ್ಷಕ್ಕೆ ಸುಮಾರು 139 ಕಿಲೋ ಹಾಲು ಕಡಿಮೆಯಾಗುತ್ತದೆ ಎಂಬುದೂ ಅದೇ ಲೆಕ್ಕದ್ದು. ಅಲ್ಲಿಯ ಹಸು, ಅಲ್ಲಿಯ ಮೇವು ಬೇರೆ. ಅಂಕಿಯನ್ನು ಹಾಗೇ ನಮ್ಮ ಕೊಟ್ಟಿಗೆಗೆ ತರಬಾರದು. ನಷ್ಟ ಯಾವ ದಾರಿಯಿಂದ ಆಗುತ್ತದೆ ಎಂಬುದು ಮಾತ್ರ ಎಲ್ಲ ಕಡೆ ಒಂದೇ.

ದೇಹದ ಒಳಗೂ ಬದಲಾವಣೆ ಆಗುತ್ತದೆ. ಕೊಂಬಿನ ನೊಣ ಮುತ್ತಿದ ದನಗಳಲ್ಲಿ ಎದೆ ಬಡಿತ, ಉಸಿರಾಟ, ಮೈ ಬಿಸಿ ಹೆಚ್ಚುತ್ತವೆ. ಒತ್ತಡದ ಹಾರ್ಮೋನ್ ಆದ ಕಾರ್ಟಿಸಾಲ್ ಏರುತ್ತದೆ. ದನ ನಿಂತೇ ಇದ್ದರೂ ಮೈ ಕೆಲಸ ಮಾಡುತ್ತಲೇ ಇರುತ್ತದೆ, ತಿಂದ ಮೇವು ಹಾಲಿಗೂ ಮಾಂಸಕ್ಕೂ ಹೋಗದೆ ಅಲ್ಲೇ ಕರಗುತ್ತದೆ. ಕಡಸುಗಳ ಮೊಲೆ ತೊಟ್ಟಿನ ಮೇಲೆ ಈ ನೊಣ ಮಾಡುವ ಸಣ್ಣ ಗಾಯಗಳು ಮುಂದೆ ಕೆಚ್ಚಲು ಬಾವಿಗೂ ದಾರಿಯಾಗುತ್ತವೆ. ಕರು ಹಾಕುವ ಮುಂಚೆಯೇ ಕೆಚ್ಚಲು ಕೆಟ್ಟಿದ್ದರೆ ನೊಣದ ಮೇಲೂ ಒಂದು ಅನುಮಾನ ಇರಲಿ.

ದನ ಮಾತ್ರ ಏಕೆ, ಸಿಂಹವೂ ಈ ನೊಣಕ್ಕೆ ಸೋತಿದೆ. 1962ರಲ್ಲಿ ತಾಂಜಾನಿಯಾದ ಗೊರೊಂಗೊರೊ ಜ್ವಾಲಾಮುಖಿ ಕುಳಿಯಲ್ಲಿ ವಿಪರೀತ ಮಳೆಯ ನಂತರ ಕೊಟ್ಟಿಗೆ ನೊಣ ಮೋಡದಂತೆ ಎದ್ದಿತು. ಸಿಂಹಗಳು ಮರ ಹತ್ತಿದವು, ಕತ್ತೆಕಿರುಬದ ಬಿಲ ಹೊಕ್ಕವು. ಬೇಟೆ ಆಡಲಾಗದೆ, ಮೈ ತುಂಬ ಹುಣ್ಣಾಗಿ ಸತ್ತವು. ಉಳಿದದ್ದು ಹತ್ತರ ಆಸುಪಾಸು.

ರೋಗ ಹರಡುವುದು ಬೇರೆಯೇ ಅಧ್ಯಾಯ. ಆದರೆ ದನದ ವರ್ತನೆಗೂ ಅದಕ್ಕೂ ಒಂದು ನಂಟಿದೆ, ಅದನ್ನು ಹೇಳಲೇಬೇಕು. ನೊಣ ಒಂದು ಹಸುವಿನ ಮೇಲೆ ಹೊಟ್ಟೆ ತುಂಬ ಕುಡಿದು ಎದ್ದರೆ ಗೋಡೆಗೆ ಹೋಗಿ ಕೂರುತ್ತದೆ. ಹಸು ಕಾಲು ಝಾಡಿಸಿ ಅರ್ಧಕ್ಕೇ ಎಬ್ಬಿಸಿದರೆ ಏನಾಗುತ್ತದೆ? ಹಸಿ ರಕ್ತ ಮೆತ್ತಿದ ಬಾಯಿಯಲ್ಲೇ ಪಕ್ಕದ ಹಸುವಿನ ಮೇಲೆ ಹೋಗಿ ಊಟ ಮುಂದುವರಿಸುತ್ತದೆ. ರೋಗಾಣು ನೊಣದ ಹೊಟ್ಟೆಯಲ್ಲಿ ಬೆಳೆಯಬೇಕೆಂದೇನೂ ಇಲ್ಲ, ಬಾಯಿಗೆ ಅಂಟಿಕೊಂಡು ಹೋದರೆ ಸಾಕು. ದನ, ಕುದುರೆ, ಒಂಟೆಗಳ ರಕ್ತಕ್ಕೆ ರೋಗಾಣು ಸೇರಿ ಬರುವ ಸರ್ರಾ ರೋಗ ಹರಡುವುದು ಹೀಗೇ. 1880ರಲ್ಲಿ ಅವಿಭಜಿತ ಭಾರತದ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ ಕುದುರೆ, ಒಂಟೆಗಳ ರಕ್ತದಲ್ಲಿ ಇದರ ರೋಗಾಣುವನ್ನು ಕಂಡುಹಿಡಿದ. ಚರ್ಮಗಂಟು ರೋಗದ ವೈರಸ್ ಕೂಡ ಕಚ್ಚುವ ನೊಣ, ಸೊಳ್ಳೆಗಳ ಬಾಯಿಯಲ್ಲಿ ಹೀಗೆ ಸಾಗುತ್ತದೆ. 2019ರಲ್ಲಿ ಒಡಿಶಾದಲ್ಲಿ ಮೊದಲು ಕಾಣಿಸಿಕೊಂಡ ಅದು 2022ರಲ್ಲಿ ದೇಶದ ತುಂಬ ಹಬ್ಬಿತು. ಕರ್ನಾಟಕದಲ್ಲೂ ದನದ ಜಾತ್ರೆಗಳನ್ನು ನಿಲ್ಲಿಸಬೇಕಾಯಿತು. ಒತ್ತೊತ್ತಾಗಿ ದನ ಕಟ್ಟಿದ ಕಡೆ ನೊಣಕ್ಕೆ ಎರಡನೇ ಹಸು ಒಂದು ಮಾರು ದೂರದಲ್ಲೇ ಸಿಗುತ್ತದೆ.

ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಕುದುರೆ ನೊಣಗಳು ನೀರನ್ನು ಗುರುತಿಸುವುದು ಅದರ ಮೇಲಿಂದ ಪ್ರತಿಫಲಿಸುವ ಒಂದು ಬಗೆಯ ಬೆಳಕಿನಿಂದ. ಕಪ್ಪು ಹೊಳೆಯುವ ಮೈ ಕೂಡ ಅಂಥದ್ದೇ ಬೆಳಕನ್ನು ಚೆಲ್ಲುತ್ತದೆ. ಹಾಗಾಗಿ ಬಿಳಿ ಪ್ರಾಣಿಗಿಂತ ಕಪ್ಪು ಪ್ರಾಣಿಯತ್ತ ಅವು ಹೆಚ್ಚು ಬರುತ್ತವೆ. ಜಪಾನಿನ ಸಂಶೋಧಕರು ಇದಕ್ಕೆ ಒಂದು ತಮಾಷೆಯ ಉಪಾಯ ಪರೀಕ್ಷಿಸಿದರು. ಕಪ್ಪು ಹಸುಗಳ ಮೈಗೆ ಬಿಳಿ ಬಣ್ಣದಲ್ಲಿ ಜೀಬ್ರಾ ಪಟ್ಟೆ ಬಳಿದರು. ಇನ್ನು ಕೆಲವಕ್ಕೆ ಕಪ್ಪು ಬಣ್ಣದ್ದೇ ಪಟ್ಟೆ, ಬಣ್ಣದ ವಾಸನೆಯಿಂದ ನೊಣ ಓಡುತ್ತಿದೆಯೇ ಎಂದು ತಿಳಿಯಲು. ಬಿಳಿ ಪಟ್ಟೆಯ ಹಸುಗಳ ಮೇಲೆ ಕೂತ ಕಚ್ಚುವ ನೊಣ ಅರ್ಧಕ್ಕೆ ಇಳಿಯಿತು. ಬಾಲ ಬೀಸುವುದು, ಕಾಲು ಝಾಡಿಸುವುದು ಶೇ. 20ರಷ್ಟು ಕಡಿಮೆಯಾಯಿತು. ಕಪ್ಪು ಪಟ್ಟೆಯಿಂದ ಏನೂ ಪ್ರಯೋಜನ ಆಗಲಿಲ್ಲ. 2019ರಲ್ಲಿ ಪ್ರಕಟವಾದ ಈ ಕೆಲಸಕ್ಕೆ 2025ರ ಇಗ್ ನೊಬೆಲ್ ಬಹುಮಾನ ಬಂತು. ಮೊದಲು ನಗು ತರಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಬಣ್ಣ ಕೆಲವೇ ದಿನ ನಿಲ್ಲುತ್ತದೆ, ನಮ್ಮ ಮಳೆಗಂತೂ ನಿಲ್ಲುವುದೇ ಇಲ್ಲ. ಸದ್ಯಕ್ಕೆ ಇದು ರೈತನ ಕೈಗೆ ಬಂದ ಉಪಾಯವಲ್ಲ.

ಕೈಗೆ ಬಂದಿರುವ ಉಪಾಯ ನೊಣ ಹುಟ್ಟುವ ಜಾಗದಲ್ಲಿದೆ. ಕೊಟ್ಟಿಗೆ ನೊಣಕ್ಕೆ ಬೇಕಾದದ್ದು ಗಂಜಲ, ಸಗಣಿ ಬೆರೆತು ಕೊಳೆಯುತ್ತಿರುವ ಹುಲ್ಲು. ದನ ತಿಂದು ಬಿಟ್ಟ ಮೇವಿನ ಅಡಿ, ಕರು ಕಟ್ಟುವ ಮೂಲೆ, ಒದ್ದೆಯಾದ ಬಣವೆಯ ಬುಡ, ತಿಪ್ಪೆಯ ಅಂಚು. ಬೆಚ್ಚಗಿನ ಕಾಲದಲ್ಲಿ ಮೊಟ್ಟೆಯಿಂದ ನೊಣ ಆಗಲು ಎರಡು ಮೂರು ವಾರ ಬೇಕು. ವಾರಕ್ಕೊಮ್ಮೆ ಆ ಜಾಗಗಳನ್ನು ಕೆರೆದು ತೆಗೆದು, ತೆಳ್ಳಗೆ ಹರಡಿ ಒಣಗಿಸಿದರೆ ಒಂದು ತಲೆಮಾರೇ ಏಳುವುದಿಲ್ಲ. ಮಳೆಗಾಲದಲ್ಲಿ ಒಣಗಿಸಲು ಬಿಸಿಲೆಲ್ಲಿ ಎನ್ನುತ್ತೀರಾ? ಹಾಗಿದ್ದರೆ ಒಟ್ಟಿ, ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಮುಚ್ಚಿ. ಒಳಗಿನ ಬಿಸಿಗೆ ಹುಳು ಸಾಯುತ್ತವೆ.

ಕೊಂಬಿನ ನೊಣಕ್ಕೆ ಬೇರೆ ದಾರಿ. ಅದು ಹುಟ್ಟುವುದು ಬಯಲಲ್ಲಿ ಬಿದ್ದ ಹಸಿ ಸಗಣಿಯಲ್ಲಿ ಮಾತ್ರ. ಕುಳ್ಳು ತಟ್ಟಲು ಸಗಣಿ ಆರಿಸಿಕೊಂಡು ಹೋಗುತ್ತಿದ್ದ ಕಾಲದಲ್ಲಿ ಆ ಕೆಲಸ ತಾನಾಗೇ ಆಗುತ್ತಿತ್ತು. ಈಗ ಸಗಣಿ ಅಲ್ಲೇ ಉಳಿಯುತ್ತದೆ. ಕೋಳಿಗಳು ಕೆದರಿದರೆ ಬೇಗ ಒಣಗುತ್ತದೆ. ಸಗಣಿ ಹುಳುಗಳು ಅದನ್ನು ಉಂಡೆ ಮಾಡಿ ಮಣ್ಣಿಗೆ ಇಳಿಸುತ್ತವೆ. ಆಸ್ಟ್ರೇಲಿಯಾದ ಸ್ವಂತ ಸಗಣಿ ಹುಳುಗಳಿಗೆ ಕಾಂಗರೂ ಹಿಕ್ಕೆ ಗೊತ್ತಿತ್ತು, ದನದ ಸಗಣಿ ಒಗ್ಗಲಿಲ್ಲ. ಬಯಲ ತುಂಬ ಸಗಣಿ ಉಳಿದು ನೊಣದ ಕಾಟ ವಿಪರೀತವಾದಾಗ, 1968ರಿಂದ ಹೊರ ದೇಶಗಳ ಸಗಣಿ ಹುಳುಗಳನ್ನು ತಂದು ಬಿಟ್ಟರು. ನಮ್ಮಲ್ಲಿ ಈ ಹುಳುಗಳು ಮೊದಲಿಂದಲೂ ಇವೆ. ಜಂತುಹುಳುವಿಗೆಂದು ಹಾಕಿಸುವ ಐವರ್‌ಮೆಕ್ಟಿನ್ ಸಗಣಿಯಲ್ಲಿ ಹೊರಬಂದು ಅವನ್ನೂ ಕೊಲ್ಲುತ್ತದೆ. ಅದಕ್ಕೇ ಬೇಕಿಲ್ಲದಾಗ ಅದನ್ನು ಹಾಕಿಸಬಾರದು.

ಸಂಜೆ ಬೇವಿನ ಸೊಪ್ಪು, ಲಕ್ಕಿ ಸೊಪ್ಪಿನ ಹೊಗೆ ಹಾಕುವುದು ಒಳ್ಳೆಯದೇ. ಗಾಳಿ ಆಡದ ಕೊಟ್ಟಿಗೆಯಲ್ಲಿ ಹೊಗೆ ತುಂಬಿದರೆ ಮಾತ್ರ ದನಕ್ಕೆ ಕೆಮ್ಮು ಬರುತ್ತದೆ. ಬೇವಿನ ಎಣ್ಣೆ, ಹೊಂಗೆ ಎಣ್ಣೆ ಸವರಿದರೆ ಕೆಲ ಹೊತ್ತು ನೊಣ ದೂರ ಇರುತ್ತದೆ. ಕರೆಂಟ್ ಇದ್ದರೆ ಫ್ಯಾನ್ ಹಾಕಿ, ಜೋರು ಗಾಳಿಯಲ್ಲಿ ನೊಣ ಇಳಿಯಲಾರದು. ಡೆಲ್ಟಾಮೆಥ್ರಿನ್‌ನಂಥ ಔಷಧಿ ಸಿಂಪಡಿಸುವುದಾದರೆ ಅಳತೆ, ಹಾಲು ಬಳಸಬಾರದ ದಿನ ಎಲ್ಲವನ್ನೂ ಪಶುವೈದ್ಯರನ್ನು ಕೇಳಿಯೇ ಮಾಡಿ. ಒಂದೇ ಔಷಧಿಯನ್ನು ವರ್ಷಗಟ್ಟಲೆ ಬಳಸಿದರೆ ನೊಣ ಅದಕ್ಕೆ ಒಗ್ಗಿಕೊಳ್ಳುತ್ತದೆ. ಅಮೆರಿಕದಲ್ಲಿ ಕಿವಿಗೆ ತೊಡಿಸುವ ಔಷಧಿ ಬಿಲ್ಲೆಗಳು ಕೆಲವೇ ವರ್ಷಗಳಲ್ಲಿ ಕೊಂಬಿನ ನೊಣದ ಎದುರು ಸೋತಿದ್ದು ಹೀಗೆ.

ಮಾಡಿದ್ದು ಕೆಲಸ ಮಾಡಿತೇ ಎಂದು ತಿಳಿಯಲು ಲ್ಯಾಬ್ ಬೇಡ. ನಾಲ್ಕೈದು ಹಸುಗಳನ್ನು ಆರಿಸಿಕೊಳ್ಳಿ. ಪ್ರತಿಯೊಂದರ ಮುಂಗಾಲುಗಳ ಮೇಲೆ ಎಷ್ಟು ನೊಣ ಕೂತಿವೆ, ಎರಡು ನಿಮಿಷದಲ್ಲಿ ಎಷ್ಟು ಸಲ ಕಾಲು ಅಪ್ಪಳಿಸಿತು ಎಂದು ಬರೆದಿಡಿ. ಒಂದು ಕಾಲಿಗೆ ಐದು ನೊಣ ದಾಟಿತೆಂದರೆ ನಷ್ಟ ಶುರುವಾಗಿದೆ ಎಂಬುದು ಹಳೆಯ ಲೆಕ್ಕ. ಕೊಂಬಿನ ನೊಣಕ್ಕೆ ಇಡೀ ದನದ ಮೇಲೆ 200 ಎಂಬ ಗಡಿ ಇದೆ. ಎರಡು ವಾರ ಬಿಟ್ಟು ಅದೇ ಹಸುಗಳನ್ನು ಅದೇ ಹೊತ್ತಿಗೆ, ಅಂಥದ್ದೇ ಬಿಸಿಲಿರುವ ದಿನ ನೋಡಿ. ಮೋಡ, ಗಾಳಿ ಇದ್ದ ದಿನ ನೊಣ ತಾನಾಗೇ ಕಡಿಮೆ ಇರುತ್ತದೆ, ಆ ದಿನದ ಲೆಕ್ಕವನ್ನು ನಂಬಬೇಡಿ.